ಹೋಗು ಎಂಬ ಮಂತ್ರ

ಬಹಳ ಹಿಂದೆ, ಯಾವ ರಾಜನ ಕಾಲವೆಂದು ಕೇಳಿದರೆ ಹೇಳುವವರೇ ಜಗಳಕ್ಕೆ ನಿಲ್ಲುವಷ್ಟು ಹಿಂದೆ, ಏಳುಬಾವಿ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಇದ್ದದ್ದು ಐದೇ ಬಾವಿ. ಉಳಿದೆರಡು ಎಲ್ಲಿ ಎಂದು ಪರನಾಡಿನವರು ಕೇಳಿದರೆ ಅಲ್ಲಿಯ ಜನ ನಕ್ಕು, ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಕೇಳಿದ್ದನ್ನು ಮರೆಸಿ ಕಳಿಸುತ್ತಿದ್ದರು. ಅಷ್ಟು ಮರ್ಯಾದಸ್ಥರು. ಬಂದವರನ್ನು ಬಾಗಿಲಲ್ಲಿ ನಿಲ್ಲಿಸುತ್ತಿರಲಿಲ್ಲ. ಹೊರಟವರಿಗೆ ಬರಿದೇ 'ಹೋಗಿ' ಎನ್ನುತ್ತಿರಲಿಲ್ಲ, 'ಹೋಗಿ ಬನ್ನಿ' ಎನ್ನುತ್ತಿದ್ದರು. ತಾವು ಹೊರಡುವಾಗಲೂ 'ಹೋಗುತ್ತೇನೆ' ಎಂದವರಲ್ಲ, 'ಬರುತ್ತೇನೆ' ಎಂದವರು. ಬಾಯ್ತಪ್ಪಿ 'ಹೋಗ್ತೀನಿ' ಎಂದ ಮಗುವಿನ ತುಟಿಗೆ ತಾಯಂದಿರು ಮೆಲ್ಲಗೆ ಒಂದು ಬಿಟ್ಟು, 'ಬಿಡ್ತು ಅನ್ನು' ಎಂದು ಗದರುತ್ತಿದ್ದರು. ಈ ಮರ್ಯಾದೆಯೇ ಕೊನೆಗೆ ಆ ರಾಜ್ಯದ ಕುತ್ತಿಗೆಗೆ ಬಂತು.

ಆ ಊರಿನ ಕೋಟೆಯೊಳಗೆ ದೇಮಿ, ಸುರಗಿ ಎಂಬ ಅಕ್ಕ ತಂಗಿಯರಿದ್ದರು. ತಾಯಿ ಸತ್ತಾಗ ದೇಮಿ ಎರಡು ಜಡೆಯ ಹುಡುಗಿ, ಸುರಗಿಗೆ ಇನ್ನೂ ಹಾಲುಹಲ್ಲು. ಅಂದಿನಿಂದ ದೇಮಿಯೇ ತಾಯಿ. ಹತ್ತಿ ಬಿಡಿಸಿ, ದೀಪದ ಬತ್ತಿ ಹೊಸೆದು, ಮನೆಮನೆಗೆ ಮಾರಿ ತಂಗಿಯನ್ನು ಸಾಕಿದಳು. ಸುರಗಿ ಆಗಾಗ ಮಲಗುವ ಹುಡುಗಿ. ಮಳೆ ಬಂದರೆ ಕೆಮ್ಮು, ಬಿಸಿಲು ಬಂದರೆ ತಲೆನೋವು. ಆದರೆ ಎದ್ದು ಕೂತು ನಕ್ಕಳೆಂದರೆ ಕೇರಿಯ ಜನ ಕೈಕೆಲಸ ಬಿಟ್ಟು ನೋಡುತ್ತಿದ್ದರು. ದೇಮಿ ನಕ್ಕದ್ದನ್ನು ಕಂಡವರು ಕಡಿಮೆ. ಅವಳಿಗೆ ಪುರುಸೊತ್ತಿರಲಿಲ್ಲ.

ಅದೇ ಕಾಲದಲ್ಲಿ ತಾಪರಾಯ ಎಂಬ ಮಾಂತ್ರಿಕನೊಬ್ಬ ಲೋಕ ಸುತ್ತುತ್ತಿದ್ದ. ಅವನಿಗೆ ಸ್ವಂತ ಮೈ ಇರಲಿಲ್ಲ. ಸಾವು ಬಾರದಿರಲೆಂದು ಏನೋ ಹೋಮ ಮಾಡಲು ಹೋಗಿ ಅದನ್ನು ಸುಟ್ಟುಕೊಂಡಿದ್ದ. ಮೈಯಿಲ್ಲದವನು ಕಂಡವರ ಮೈ ಹೊಕ್ಕು, ಅದನ್ನು ಒಲೆಯಂತೆ ಉರಿಸಿ, ಬೂದಿಯಾದ ಮೇಲೆ ಮುಂದಿನ ಮನೆ ನೋಡುತ್ತಿದ್ದ. ಅವನು ಹೊಕ್ಕ ಮನೆಯಲ್ಲಿ ದೀಪ ನೀಲಿಯಾಗಿ ಉರಿಯುತ್ತಿತ್ತು, ಹಾಲು ಕರೆದ ತಂಬಿಗೆಯಲ್ಲೇ ಒಡೆಯುತ್ತಿತ್ತು.

ಒಂದು ಬೆಳಗ್ಗೆ ದೇಮಿಯ ಮನೆಯ ದೀಪ ನೀಲಿಯಾಯಿತು. ಸುರಗಿಯ ಹಣೆ ಮುಟ್ಟಿದರೆ ಕೈ ಸುಡುತ್ತಿತ್ತು. ವೈದ್ಯ ಬಂದ, ದೀಪ ನೋಡಿದ, ನಾಡಿ ನೋಡದೆಯೇ ಹಿಂದಕ್ಕೆ ಹೆಜ್ಜೆಯಿಟ್ಟ. "ಇದು ನನ್ನ ಕೈಯಲ್ಲಿಲ್ಲಮ್ಮ. ಬರ್ತೀನಿ" ಎಂದು ಮರ್ಯಾದೆಯಿಂದ ಹೊರಟುಹೋದ.

ದೇಮಿ ಸಾತಜ್ಜಿಯ ಮನೆಗೆ ಓಡಿದಳು.

ಸಾತಜ್ಜಿಯ ಗುಡಿಸಲು ಕೋಟೆಯ ಹಿಂದೆ, ಊರ ಕಸ ಸುರಿಯುವ ಕಡೆ. ಬೀದಿಯಲ್ಲಿ ಎದುರಾದಾಗ ಮಾಟಗಾತಿ ಎಂದು ಉಗಿಯುತ್ತಿದ್ದವರೇ ಕಷ್ಟ ಬಂದಾಗ ಅವಳ ಹಿಂಬಾಗಿಲಲ್ಲಿ ನಿಂತು 'ಅಮ್ಮಾ, ತಾಯಿ' ಎನ್ನುತ್ತಿದ್ದರು. ಅವಳು ಉಗಿದವರನ್ನೂ ಕೈಮುಗಿದವರನ್ನೂ ಒಂದೇ ಮುಖದಲ್ಲಿ ನೋಡುತ್ತಿದ್ದಳು.

"ನಾನು ಬಂದು ಮಾಡಲ್ಲ" ಎಂದಳು ಅಜ್ಜಿ. "ಅವಳು ಯಾರಿಗೆ ಬೇಕೋ ಅವರೇ ಮಾಡಬೇಕು. ನಿನ್ನ ತಂಗಿ ಇದ್ದರೂ ನಂಗೆ ಒಂದೇ, ಹೋದರೂ ಒಂದೇ. ನಾನು ಕೂತರೆ ಉಪ್ಪು ದಂಡ."

"ನಂಗೆ ಮಾಟ ಬರಲ್ಲ ಅಜ್ಜಿ."

"ಅಡುಗೆ ಬರುತ್ತಲ್ಲ? ಇದೂ ಹಂಗೇ. ಕೈ ತೊಳೀಬೇಕು, ಹದ ನೋಡಬೇಕು, ಮುಗಿದ ಮೇಲೆ ಒಲೆ ಆರಿಸಬೇಕು. ಒಲೆ ಆರಿಸದೆ ಎದ್ದು ಹೋಗೋರೇ ಮನೆ ಸುಡೋದು. ಕೂತ್ಕೋ, ಹೇಳ್ತೀನಿ."

ಅಜ್ಜಿ ಹೇಳಿದಳು: ಮೊದಲು ತಲೆಗೆ ನೀರು ಹಾಕಿಕೊಳ್ಳಬೇಕು. ಮನಸ್ಸಿನಲ್ಲಿ ಬೇರೆ ಜಗಳವಿದ್ದರೆ ಅದನ್ನು ಹೊಸ್ತಿಲಾಚೆ ಬಿಡಬೇಕು. ಕಲ್ಲುಪ್ಪಿನಿಂದ ಮಂಡಲ ಬರೆಯಬೇಕು, ಬಲಕ್ಕೆ ಸುತ್ತುತ್ತಾ, ಎಲ್ಲೂ ಸಂದು ಬಿಡದಂತೆ. ಆಮೇಲೆ ನಾಲ್ಕು ದಿಕ್ಕಿನವರನ್ನು ಕರೆಯಬೇಕು. ಮೂಡಲಿಂದ ಗಾಳಿಯ ಕೊಕ್ಕರೆ ಬರುತ್ತದೆ, ತೆಂಕಲಿಂದ ಬೆಂಕಿಯ ನರಿ, ಪಡುವಲಿಂದ ನೀರಿನ ಆಮೆ, ಬಡಗಲಿಂದ ಮಣ್ಣಿನ ಎಮ್ಮೆ.

"ಎಮ್ಮೆ ತಡ ಮಾಡುತ್ತೆ. ಬೇಜಾರು ಮಾಡ್ಕೊಂಡು ಅದು ಬರೋಕೆ ಮುಂಚೆ ಶುರು ಮಾಡೀಯ" ಎಂದಳು ಅಜ್ಜಿ. "ನಾಲ್ಕೂ ಬಂದ ಮೇಲೆ ಲಕ್ಕಿ ಸೊಪ್ಪಿನ ಹೊಗೆ ಹಾಕಿ, ಏನು ಬೇಕೋ ಅದನ್ನ ಹೇಳು. ಒಂದೇ ಹೇಳು. ಇನ್ನೊಬ್ಬರಿಗೆ ಕೇಡಾಗೋದನ್ನ ಕೇಳಬೇಡ. ಇಲ್ಲಿಂದ ಕಳಿಸಿದ್ದು ಮೂರು ಪಟ್ಟಾಗಿ ಬರುತ್ತೆ, ಒಳ್ಳೇದಾದರೂ ಅಷ್ಟೇ, ಕೆಟ್ಟದ್ದಾದರೂ ಅಷ್ಟೇ. ಇನ್ನೊಂದು. ಬಾಯಿ ಹೇಳಿದ್ದನ್ನ ಹೊಟ್ಟೆನೂ ಹೇಳಬೇಕು. ಬರೀ ಬಾಯಿಮಾತಿಗೆ ಮಂಡಲದಲ್ಲಿ ಒಂದು ಇರುವೆನೂ ಕದಲಲ್ಲ."

"ಆಮೇಲೆ?"

"ಆಮೇಲೆ ಕಳಿಸೋದು. ಎಲ್ಲಾ ಇರೋದು ಅಲ್ಲೇ. ನಾಲ್ಕು ದಿಕ್ಕಿನವರಿಗೆ ಹೋಗಿ ಬನ್ನಿ ಅನ್ನು, ಅವರು ಬೇಕಾದವರು. ಅವನಿಗೆ ಮಾತ್ರ ಹೋಗು ಅನ್ನು. ಬರೀ ಹೋಗು. ಮಂಡಲದಲ್ಲಿ ಹೋಗು ಅನ್ನಿಸ್ಕೊಂಡವರು ಮತ್ತೆ ಈ ನೆಲಕ್ಕೆ ಕಾಲಿಡೋ ಹಂಗಿಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು ಅಜ್ಜಿ."

"ಏನು ಗೊತ್ತಾಯ್ತೋ" ಎಂದಳು ಸಾತಜ್ಜಿ.

ದೇಮಿ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡಳು. ತಂಗಿಯ ಚಾಪೆಯ ಸುತ್ತ ಉಪ್ಪಿನಿಂದ ಮಂಡಲ ಬರೆದಳು. ಕರೆದಳು. ಕೊಕ್ಕರೆ ಕಿಟಕಿಯಿಂದ ಬಂದು ಒಂಟಿಕಾಲಲ್ಲಿ ನಿಂತಿತು. ಬಾಲದ ತುದಿಯಲ್ಲಿ ಉರಿಯಿದ್ದ ನರಿ ಒಲೆಯೊಳಗಿಂದ ಬಂತು. ಆಮೆ ನೀರಿನ ಹಂಡೆಯಿಂದ ಇಳಿದು ಬಂತು. ಎಮ್ಮೆಗೆ ಕಾದು ಕಾದು ದೇಮಿಯ ಕಾಲು ಜೋಮು ಹಿಡಿಯಿತು. ಕೊನೆಗೆ ಹಿತ್ತಲ ಗೋಡೆಯ ಮಣ್ಣೇ ಎದ್ದು ಕೊಡವಿಕೊಂಡು ಎಮ್ಮೆಯಾಗಿ ಒಳಗೆ ಬಂತು.

ಹೊಗೆ ಹಾಕಿ ದೇಮಿ ಹೇಳಿದಳು: "ನನ್ನ ತಂಗಿಯ ಮೈಯಲ್ಲಿರೋನು ಹೊರಗೆ ಬರಲಿ."

ಬಾಯಿ ಹೇಳಿದ್ದನ್ನು ಹೊಟ್ಟೆಯೂ ಹೇಳಿತು. ಸುರಗಿಯ ಉಸಿರಿನಿಂದ ಅವನು ಹೊರಗೆ ಬಂದ. ಬಂದವನನ್ನು ಕಂಡು ದೇಮಿಗೆ ಆಶ್ಚರ್ಯವಾಯಿತು. ಕೋರೆಹಲ್ಲು, ಕೆಂಗಣ್ಣು ಇದ್ದೀತೆಂದುಕೊಂಡಿದ್ದಳು. ಬಂದದ್ದು ಬಿಳಿ ಶಾಲು ಹೊದ್ದ ಮುದುಕ. ಬೆನ್ನು ಬಾಗಿತ್ತು, ಕೋಲು ಹಿಡಿದ ಕೈ ನಡುಗುತ್ತಿತ್ತು. ಯಾರದೋ ಮನೆಯ ಅಜ್ಜ ದಾರಿ ತಪ್ಪಿ ಬಂದ ಹಾಗಿದ್ದ.

"ದಣಿವಾಗಿದೆ ಮಗಳೇ. ಒಂದು ಲೋಟ ನೀರು ಕೊಡ್ತೀಯಾ?" ಎಂದ.

ದೇಮಿಯ ಕೈ ತಾನಾಗಿಯೇ ತಂಬಿಗೆಗೆ ಹೋಯಿತು. ನೀರಿನ ಜೊತೆ ಒಂದು ಚೂರು ಬೆಲ್ಲವನ್ನೂ ಇಟ್ಟಳು. ಅವನು ಕುಡಿದ ನೀರು ಗಂಟಲಲ್ಲಿ ಚುಂಯ್ ಎಂದು ಆವಿಯಾಯಿತು.

"ಒಳ್ಳೆ ಮನೆ, ಒಳ್ಳೆ ಮಗಳು. ಬಹಳ ಉಪಚಾರ ಆಯ್ತು. ನಾನಿನ್ನು ಬರಲಾ?"

"ಹೂಂ ತಾತ, ಹೋಗಿ ಬನ್ನಿ" ಎಂದಳು ದೇಮಿ.

ನರಿ ಹಣೆ ಚಚ್ಚಿಕೊಂಡಿತು. ಆದರೆ ಅಷ್ಟರಲ್ಲಿ ಸುರಗಿ ಕಣ್ಣು ಬಿಟ್ಟು "ಅಕ್ಕ, ಹಸಿವು" ಅಂದಿದ್ದಳು. ದೀಪ ಹಳದಿಯಾಗಿ ಉರಿಯುತ್ತಿತ್ತು. ದೇಮಿ ತಂಗಿಯನ್ನು ತಬ್ಬಿಕೊಂಡು ಅತ್ತಳು, ನಾಲ್ಕು ದಿಕ್ಕಿನವರಿಗೂ ಹೋಗಿ ಬನ್ನಿ ಎಂದಳು, ಉಪ್ಪು ಗುಡಿಸಿದಳು. ಕೇರಿಯೆಲ್ಲ ಬಂದು ಸುರಗಿಯನ್ನು ನೋಡಿ, ಗಲ್ಲ ಸವರಿ, ದೃಷ್ಟಿ ತೆಗೆದು ಹೋಯಿತು. ಅಕ್ಕ ಊಟ ಮಾಡಿದಳೇ ಎಂದು ಯಾರೂ ಕೇಳಲಿಲ್ಲ.

ವಿಷಯ ಕೇಳಿ ಸಾತಜ್ಜಿ ಮಾತ್ರ ತಲೆಯ ಮೇಲೆ ಕೈ ಹೊತ್ತಳು. "ಅವನು ಬರಲಾ ಅಂದ, ನೀನು ಹೂಂ ಅಂದೆ! ಸಾಲದು ಅಂತ ಬೆಲ್ಲ ಬೇರೆ!"

"ಹೊರಡೋರು ಬರಲಾ ಅಂತಲೇ ಅಲ್ವಾ ಅಜ್ಜಿ ಕೇಳೋದು?"

"ಅದಕ್ಕೇ ಅವನು ಹಂಗೆ ಕೇಳಿದ್ದು."

ತಾಪರಾಯ ಮಾತಿಗೆ ತಪ್ಪಲಿಲ್ಲ. ಬನ್ನಿ ಎಂದಿದ್ದರು, ಬಂದ. ಕಳಿಸಿದ್ದು ಮೂರು ಪಟ್ಟಾಗುತ್ತದಲ್ಲ, ಒಂದು ಮೈ ಬಿಟ್ಟು ಹೋದವನು ಈ ಸಲ ಮೂರು ಮೈ ಹೊಕ್ಕ. ಮೂರೂ ಅರಮನೆಯವೇ. ರಾಜಮಾತೆ, ಅವಳ ಎಡಬಲದ ಇಬ್ಬರು ಸಖಿಯರು. ಅರಮನೆಯ ದೀಪಗಳೆಲ್ಲ ನೀಲಿಯಾದವು. ಸುಮುಖರಾಜ ದೇಮಿಯನ್ನು ಕರೆಸಿದ.

ಸುಮುಖರಾಜ ಒಳ್ಳೆಯವನೇ. ಆದರೆ ಅವನಿಗೆ ತನ್ನ ಅರಮನೆಯ ಉಪಚಾರದ ಬಗ್ಗೆ ಎಷ್ಟು ಹೆಮ್ಮೆ ಎಂದರೆ, ಯುದ್ಧಕ್ಕೆ ಬಂದ ಶತ್ರುವಿಗೂ ಮೊದಲು ಕಾಲಿಗೆ ನೀರು ಕೊಡಿಸಿ ಆಮೇಲೆ ಸೋಲುತ್ತಿದ್ದ.

ಅರಮನೆಯ ಅಂಗಳದಲ್ಲಿ, ಹಾಡಹಗಲಿನಲ್ಲಿ, ದೇಮಿ ಮಂಡಲ ಬರೆದಳು. ಸುತ್ತಲೂ ಮಂತ್ರಿಗಳು, ಸೇನಾಪತಿಗಳು, ಅವರ ಹೆಂಡಿರು, ನೋಡಲು ಬಂದ ನೆಂಟರು. ಕೊಕ್ಕರೆ ಬಂತು, ನರಿ ಬಂತು, ಆಮೆ ಬಂತು. ಎಮ್ಮೆ ಬರುವಷ್ಟರಲ್ಲಿ ಒಂದು ಸುತ್ತು ಪಾನಕ ಹಂಚಿ ಆಗಿತ್ತು.

"ಅವನು ಬಂದಾಗ ಯಾರೂ ಮಾತಾಡಬಾರದು ಪ್ರಭು. ನಾನೊಬ್ಬಳೇ ಹೇಳಬೇಕು" ಎಂದಳು ದೇಮಿ.

"ಆಗಲಿ ಆಗಲಿ" ಎಂದ ರಾಜ.

ದೇಮಿ ತುಟಿ ಕಚ್ಚಿ ನಿಂತಳು. ಹೋಗು, ಹೋಗು, ಹೋಗು ಎಂದು ಒಳಗೇ ಜಪಿಸುತ್ತಿದ್ದಳು. ತಾಪರಾಯ ಹೊರಗೆ ಬಂದ. ಈ ಸಲ ಅವನ ಶಾಲು ರೇಷ್ಮೆಯದು, ಬೆನ್ನು ನೆಟ್ಟಗಿತ್ತು. ಅವನು ದೇಮಿಯ ಕಡೆ ನೋಡಲೇ ಇಲ್ಲ. ರಾಜನ ಕಡೆ ತಿರುಗಿ ತಲೆಬಾಗಿದ.

"ಮಹಾಪ್ರಭು, ಎಷ್ಟೋ ರಾಜ್ಯ ಸುತ್ತಿದ್ದೇನೆ. ಇಂಥ ಆದರ ಎಲ್ಲೂ ಕಂಡಿಲ್ಲ. ನಾನಿನ್ನು ಬರಲೇ?"

ರಾಜನ ಕೈಗಳು ತಾವಾಗಿಯೇ ಮುಗಿದವು. "ಹೋಗಿ ಬನ್ನಿ" ಎಂದ ರಾಜ. ರಾಜನೇ ಹಾಗೆಂದ ಮೇಲೆ ಸಭೆ ಸುಮ್ಮನಿದ್ದೀತೇ? "ಹೋಗಿ ಬನ್ನಿ, ಹೋಗಿ ಬನ್ನಿ" ಎಂದು ಇಡೀ ಅಂಗಳವೇ ಕೈಮುಗಿಯಿತು. ದೇಮಿಯ 'ಹೋಗು' ಆ ಗದ್ದಲದಲ್ಲಿ ಅವಳ ಕಿವಿಗೇ ಕೇಳಿಸಲಿಲ್ಲ.

"ಇಷ್ಟು ಜನ ಕರೆಯುವಾಗ ಬಾರದೆ ಇರಲಾದೀತೇ" ಎಂದು ತಾಪರಾಯ ನಗುತ್ತಾ ಹೊರಟುಹೋದ.

ರಾಜಮಾತೆ ಎದ್ದು ಕೂತಳು. ಮೂರು ದಿನ ಹಬ್ಬವಾಯಿತು. ಆಮೇಲೆ ತಿಳಿದವರು ಯಾರೋ ರಾಜನ ಕಿವಿಯಲ್ಲಿ ನಡೆದದ್ದನ್ನು ಬಿಡಿಸಿ ಹೇಳಿದರು. ಅವನು ದೇಮಿಯನ್ನು ಮತ್ತೆ ಕರೆಸಿದ.

"ನೀನು ಮೊದಲೇ ಹೇಳಬೇಕಿತ್ತು."

"ಹೇಳಿದ್ದೆ ಪ್ರಭು."

"ಜೋರಾಗಿ ಹೇಳಬೇಕಿತ್ತು" ಎಂದ ರಾಜ. ಅಲ್ಲಿಗೆ ತಪ್ಪು ಯಾರದೆಂದು ತೀರ್ಮಾನವಾಯಿತು.

ಇನ್ನು ಮೇಲೆ ರಾಜ್ಯದಲ್ಲಿ ಯಾರೂ ಯಾರಿಗೂ 'ಹೋಗಿ ಬನ್ನಿ' ಎನ್ನಬಾರದೆಂದು ಡಂಗುರವಾಯಿತು. ಸೊಪ್ಪು ತರಲು ಹೊರಟ ಗಂಡನಿಗೆ ಹೆಂಡತಿ 'ಹೋಗು' ಎಂದಳು. ಅವನು ಸಿಟ್ಟಾಗಿ ತಾಯಿಯ ಮನೆಯಲ್ಲೇ ಉಳಿದ. ಬೀಗರು ಬೀಗರಿಗೆ 'ಹೋಗಿ' ಎಂದರು. ನಿಶ್ಚಯವಾಗಿದ್ದ ಮದುವೆ ಮುರಿಯಿತು. ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿ ಬಾಯಿಗೆ ಸೆರಗು ತುರುಕಿಕೊಂಡು ಸುಮ್ಮನೆ ನಿಂತಳು. ಜನರೆಲ್ಲ ರಾಜನನ್ನು ಬಯ್ಯಲಾಗದೆ ದೇಮಿಯನ್ನು ಬಯ್ದರು. ಅವಳ ಬತ್ತಿ ಕೊಳ್ಳುವುದನ್ನು ಬಿಟ್ಟರು.

ತಾಪರಾಯ ಮೂರನೆಯ ಸಲ ಬಂದ.

ಈ ಸಲ ಅವನು ಮನೆ ಆರಿಸಲಿಲ್ಲ. ಬೀದಿ ಬೀದಿಯ ದೀಪ ನೀಲಿಯಾಯಿತು. ಅಕ್ಕಸಾಲಿ ಉರಿದ, ಅಗಸಗಿತ್ತಿ ಉರಿದಳು, ತೊಟ್ಟಿಲ ಕೂಸು ಉರಿಯಿತು. ಸುಡುಗಾಡಿನಲ್ಲಿ ಸೌದೆ ಸಾಲದೆ ಬಂತು. ಸೌದೆಯ ಅಗತ್ಯವೂ ಅಷ್ಟಾಗಿ ಇರಲಿಲ್ಲ. ಊರೆಲ್ಲ ಅವನ ಕೊಂಬೆ ಹಬ್ಬಿತ್ತು. ಬೇರು ಮಾತ್ರ ಮೊದಲು ಬೆಲ್ಲ ಕೊಟ್ಟ ಮನೆಯಲ್ಲಿ ಊರಿತ್ತು. ಅವನು ಸುರಗಿಯ ಮೈಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಅವಳ ಬಾಯಿಂದಲೇ ಮಾತಾಡಿದ.

"ಕರೆಯಬೇಡ ದೇಮಿ, ನಾನು ಹೊರಗೆ ಬರುವವನಲ್ಲ. ಒಂದು ಸಲ ಬಂದವನು ಅತಿಥಿ, ಎರಡು ಸಲ ಬಂದವನು ನೆಂಟ. ಮೂರನೇ ಸಲ ಬಂದವನು ಮನೆಯವನು. ಮನೆಯವನನ್ನು ಯಾರು ಕಳಿಸುತ್ತಾರೆ?"

ಸಾತಜ್ಜಿ ಬಂದಳು. ಹಗಲಿನಲ್ಲಿ, ಮುಂಬಾಗಿಲಿನಿಂದಲೇ ಬಂದಳು. ಉಗಿಯಲು ಬೀದಿಯಲ್ಲಿ ಯಾರೂ ಇರಲಿಲ್ಲ. ಸುರಗಿಯ ಅಂಗಾಲು ಮುಟ್ಟಿ ನೋಡಿ, ಗೋಡೆಗೆ ಒರಗಿ ಕೂತಳು.

"ಇನ್ನು ಅವನನ್ನ ಇವಳಿಂದ ಬಿಡಿಸೋಕಾಗಲ್ಲ. ಇವಳನ್ನೇ ಕಳಿಸಬೇಕು."

"ಕಳಿಸೋದು ಅಂದ್ರೆ? ಸಾಯ್ತಾಳಾ?"

"ಸಾಯಲ್ಲ. ಮಂಡಲದಲ್ಲಿ ಕೂರಿಸಿ ಇವಳಿಗೇ ಹೋಗು ಅನ್ನು. ಗಡಿಕಲ್ಲು ದಾಟಿದ ತಕ್ಷಣ ಅವನು ಉದುರಿಹೋಗ್ತಾನೆ, ಬೇರು ಹೋದ ಮೇಲೆ ಊರಲ್ಲಿರೋ ಕೊಂಬೆನೂ ಒಣಗುತ್ತೆ. ಇವಳು ಆಚೆ ನಾಡಲ್ಲಿ ಚೆನ್ನಾಗೇ ಇರ್ತಾಳೆ. ಇಲ್ಲಿಗೆ ಬರೋ ಹಂಗಿಲ್ಲ, ಅಷ್ಟೇ."

"ಹಂಗಾದ್ರೆ ನಾನೂ ಇವಳ ಜೊತೆ ಹೊರಡ್ತೀನಿ."

"ಮಂಡಲ ಬರೆದವಳು ಗಡಿ ದಾಟಿದರೆ ಮಂಡಲವೇ ಅಳಿಸಿಹೋಗುತ್ತೆ. ಅವನು ವಾಪಸ್ಸು. ನೀನು ಇಲ್ಲೇ ಇರಬೇಕು, ಇರೋ ತನಕ."

ದೇಮಿ ತಂಗಿಯ ಕೈ ಹಿಡಿದುಕೊಂಡಳು. ಕೈ ಸುಟ್ಟಿತು, ಬಿಡಲಿಲ್ಲ. "ನನ್ನ ಹೊಟ್ಟೆ ಅದನ್ನ ಹೇಳಲ್ಲ ಅಜ್ಜಿ. ಇವಳು ಹೋಗಲಿ ಅಂತ ನನ್ನ ಹೊಟ್ಟೇಲಿ ಯಾವತ್ತೂ ಇಲ್ಲ. ಬಾಯಲ್ಲಿ ಹೇಳಿದರೂ ಇರುವೆ ಕದಲಲ್ಲ."

"ಎಲ್ಲರ ಹೊಟ್ಟೇಲೂ ಎಲ್ಲಾ ಇರುತ್ತೆ. ಯಾವುದೋ ಮೂಲೇಲಿ ಬಿದ್ದಿರುತ್ತೆ. ಹುಡುಕು. ಸಿಗದೆ ಇದ್ದರೆ ನಾಳೆ ಹೊತ್ತಿಗೆ ಇವಳು ಬೂದಿ, ಆಮೇಲೆ ಊರು."

ಆಗ ಸುರಗಿ ಕಣ್ಣು ಬಿಟ್ಟಳು. ಅವನು ಒಂದು ಕ್ಷಣ ಮೈಮರೆತಿದ್ದನೋ ಏನೋ, ಮಾತು ಅವಳದೇ ಆಗಿತ್ತು.

"ಹುಡುಕು ಅಕ್ಕ" ಎಂದಳು. "ನಾನು ಕಾಯ್ತೀನಿ. ಸಂಜೆ ಆದರೂ ಆಗಲಿ. ನಿಂಗೆ ಸಿಗೋದು ಕಷ್ಟ ಅಂತ ನಂಗೊತ್ತು."

ಊರ ಹೆಬ್ಬಾಗಿಲಿನ ಮುಂದಿನ ಬಯಲಿನಲ್ಲಿ ಮಂಡಲವಾಯಿತು. ನಡೆಯಬಲ್ಲವರೆಲ್ಲ ಬಂದರು. ಹಳೆಯ ತಪ್ಪು ಆಗದಿರಲೆಂದು ಸಾತಜ್ಜಿ ಎಲ್ಲರ ಬಾಯಿಗೂ ಬಟ್ಟೆ ಕಟ್ಟಿಸಿದಳು. ಸುಮುಖರಾಜನ ಬಾಯಿಗೆ ಎರಡು ಸುತ್ತು ಕಟ್ಟಿಸಿದಳು. ಬರಿಗಾಲಿನ ಸುರಗಿಯನ್ನು ಎತ್ತಿ ತಂದು ನಡುವೆ ಕೂರಿಸಿದರು. ಕೊಕ್ಕರೆ, ನರಿ, ಆಮೆ ಬಂದವು. ಎಮ್ಮೆ ಅಂದು ತಡ ಮಾಡಲಿಲ್ಲ. ಎಮ್ಮೆ ತಡ ಮಾಡಲಿ ಎಂದು ದೇಮಿ ಅದೊಂದು ದಿನ ಬೇಡಿಕೊಂಡಿದ್ದಳು.

ಹೊಗೆ ಎದ್ದಿತು. ದೇಮಿ ತಂಗಿಯ ಎದುರು ಕೂತು ಕಣ್ಣು ಮುಚ್ಚಿದಳು. ಹುಡುಕಬೇಕಿತ್ತು. ಹತ್ತಿ ಬಿಡಿಸುವ ಹಾಗೆ, ಹಳೆಯ ದಿನಗಳಿಂದ ಶುರು ಮಾಡಿ ಒಂದೊಂದೇ ಎಳೆ ಬಿಡಿಸುತ್ತಾ ಬರಬೇಕೆಂದುಕೊಂಡಿದ್ದಳು. ಎಷ್ಟು ಹೊತ್ತಾಗುತ್ತದೋ, ಸಿಗುತ್ತದೋ ಇಲ್ಲವೋ ಎಂದು ಹೆದರಿದ್ದಳು. ಸಿಗದೆ ಹೋದರೆ ತಂಗಿ ಸಾಯುತ್ತಾಳೆ. ಆದರೆ ಸಿಗದೆ ಹೋದರೆ ತಾನು ಎಂಥ ಅಕ್ಕ ಎಂದು ತಿಳಿಯುತ್ತದೆ ಎಂಬ ಒಂದು ಸಣ್ಣ ಹೆಮ್ಮೆಯೂ ಅವಳಿಗಿತ್ತು.

ಹುಡುಕುವ ಪ್ರಮೇಯವೇ ಬರಲಿಲ್ಲ. ಅದು ಬಾಗಿಲಲ್ಲೇ ನಿಂತಿತ್ತು.

ಚಪ್ಪಲಿ. ಬತ್ತಿ ಹೊಸೆದು ಹೊಸೆದು, ಅವಳು ತನಗೆಂದು ಮೊದಲ ಸಲ ಮಾಡಿಸಿಕೊಂಡಿದ್ದ ಕೆಂಪು ಬಾರಿನ ಚಪ್ಪಲಿ. ಇನ್ನೂ ಮೆಟ್ಟಿರಲಿಲ್ಲ. ಸುರಗಿ ಮೊದಲ ಸಲ ಗುಣವಾಗಿ ಎದ್ದಳಲ್ಲ, ಗೆಳತಿಯರ ಜೊತೆ ಹೊಳೆಯಂಚಿಗೆ ಉಯ್ಯಾಲೆ ಆಡಲು ಹೋಗುವಾಗ ಅದನ್ನು ಮೆಟ್ಟಿಕೊಂಡು ಹೋಗಿದ್ದಳು. ಕೇಳಿರಲಿಲ್ಲ. ತಿರುಗಿ ಬಂದಾಗ ಒಂದರ ಬಾರು ಕಿತ್ತಿತ್ತು. "ಅಕ್ಕ, ಇದು ಕಿತ್ತೋಯ್ತು, ಹೊಲಿಸಿಬಿಡು" ಎಂದು ನಗುತ್ತಾ ಮೂಲೆಗೆ ಹಾಕಿದ್ದಳು. ದೇಮಿಯೂ ನಕ್ಕಿದ್ದಳು. ತಾನೇ ಸೂಜಿ ಹಿಡಿದು ಹೊಲಿದಿದ್ದಳು. ಹೊಲಿಯುವಾಗ ಸೂಜಿ ಬೆರಳಿಗೆ ಚುಚ್ಚಿತು. ಆಗ ಒಳಗೆ ಒಂದು ಮಾತು ಎದ್ದಿತ್ತು. ಅದನ್ನು ನುಂಗಿ, ಎದ್ದು ತಂಗಿಗೆ ಅನ್ನ ಬಡಿಸಿದ್ದಳು.

ಆ ಚಪ್ಪಲಿಯ ಹಿಂದೆ ಇನ್ನೂ ಬೇಕಾದಷ್ಟು ಸಾಲುಗಟ್ಟಿ ನಿಂತಿದ್ದವು. ತಾಯಿಯ ಹಸಿರು ಸೀರೆ, ಗಂಜಿಯ ಮೇಲಿನ ಕೆನೆ, ದೇಮಿಯನ್ನು ಕೇಳಿಕೊಂಡು ಬಂದು 'ತಂಗಿಯನ್ನು ಬಿಟ್ಟು ಬರಲಾರೆ' ಎಂಬ ಮಾತು ಕೇಳಿ ತಿರುಗಿ ಹೋದ ಕುಂಬಾರ. ಯಾವುದೂ ಮುಂದೆ ಬರಬೇಕಾಗಿ ಬರಲಿಲ್ಲ. ಚಪ್ಪಲಿಯೇ ಸಾಕಾಯಿತು.

"ಹೋಗು" ಎಂದಳು ದೇಮಿ.

ಕೂಗಲಿಲ್ಲ. ಮನೆಯಲ್ಲಿ ಕೆಲಸದ ನಡುವೆ ಅಡ್ಡ ಬಂದವರಿಗೆ ಹೇಳುವಂತೆ ಹೇಳಿದಳು. ಹಾಗೆ ಹೇಳಿದ್ದರಿಂದಲೇ ಅದು ಮಂತ್ರವಾಯಿತು. ಉಪ್ಪಿನ ಗೆರೆ ಬೆಳ್ಳಗೆ ಹೊತ್ತಿಕೊಂಡಿತು. ಕೊಕ್ಕರೆ ರೆಕ್ಕೆ ಬಿಚ್ಚಿತು, ನರಿ ಬಾಲ ಎತ್ತಿತು, ಆಮೆ ಕತ್ತು ಚಾಚಿತು, ಎಮ್ಮೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಸುರಗಿಯ ಕಾಲುಗಳು ತಾವೇ ಎದ್ದು ನಿಂತವು. ಅವಳ ಎದೆಯೊಳಗಿಂದ ತಾಪರಾಯ "ಬರಲಾ?" ಎಂದು ಕೇಳಿದ. ಯಾರೂ ಉತ್ತರ ಕೊಡಲಿಲ್ಲ. "ಬರಲಾ?" ಎಂದು ಕಿರುಚಿದ. ಬಟ್ಟೆಯೊಳಗೆ ರಾಜನ ತುಟಿ ಅಲುಗಿತು, ಸದ್ದು ಹೊರಡಲಿಲ್ಲ. "ಬರಲಾ?" ಎಂದು ಮೂರನೆಯ ಸಲ ಅತ್ತ. ನಿಜವಾಗಿ ಅತ್ತ. ಅವನಿಗೆ ಯಾರೂ ಉತ್ತರ ಕೊಡದೆ ಇದ್ದದ್ದು ಅದೇ ಮೊದಲು.

ಸುರಗಿ ಒಂದು ಹೆಜ್ಜೆ ಇಟ್ಟು ತಿರುಗಿದಳು. ಕಣ್ಣು ತಿಳಿಯಾಗಿತ್ತು, ಪೂರ್ತಿ ಅವಳದೇ ಕಣ್ಣು. ಹೊಗೆ ಇನ್ನೂ ಸರಿಯಾಗಿ ಮೇಲಕ್ಕೇರಿರಲಿಲ್ಲ.

"ಇಷ್ಟು ಬೇಗ ಸಿಕ್ಕಿತಾ ಅಕ್ಕ?" ಎಂದಳು.

ದೇಮಿಗೆ ಬಾಯಿ ಕಟ್ಟಿರಲಿಲ್ಲ. ಆದರೂ ಅವಳು ಉಪ್ಪಿನ ಗೆರೆಯನ್ನೇ ನೋಡುತ್ತಾ ಕೂತಳು. ಸುರಗಿ ಬರಿಗಾಲಲ್ಲಿ ನಡೆದು ಹೋದಳು. ನಾಲ್ಕು ದಿಕ್ಕಿನವೂ ಅವಳ ಹಿಂದೆ ಹೋದವು. ಗಡಿಕಲ್ಲು ದಾಟುತ್ತಲೇ ಅವಳ ಬೆನ್ನಿನಿಂದ ಒಂದು ಕಪ್ಪು ಹೊಗೆ ಕಳಚಿ ಬಿತ್ತು. ಕೊಕ್ಕರೆ ಅದನ್ನು ಕುಕ್ಕಿ ಚೆದುರಿಸಿತು, ನರಿ ಸುಟ್ಟಿತು, ಆಮೆ ತಣಿಸಿತು, ಎಮ್ಮೆ ಅದರ ಮೇಲೆ ನಿಧಾನವಾಗಿ ಮಲಗಿತು. ತಾಪರಾಯನ ಕತೆ ಅಲ್ಲಿಗೆ ಮುಗಿಯಿತು.

ಏಳುಬಾವಿಯ ದೀಪಗಳೆಲ್ಲ ಹಳದಿಯಾದವು. ಉರಿಯುತ್ತಿದ್ದವರು ಬೆವತು ಎದ್ದು ಕೂತರು. ಜನ ಬಾಯಿಯ ಬಟ್ಟೆ ಬಿಚ್ಚಿ, ಸಿಕ್ಕಸಿಕ್ಕವರಿಗೆಲ್ಲ 'ಹೋಗಿ ಬನ್ನಿ' ಎನ್ನುತ್ತಾ ಬೀದಿ ತುಂಬ ಓಡಾಡಿದರು. ರಾಜ ದೇಮಿಯನ್ನು ಆನೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿಸಿದ. ತ್ಯಾಗಮಯಿ ಎಂದು ಬಿರುದು ಕೊಟ್ಟ.

ಅವಳ ಮೇಲೆ ಹಾಡು ಕಟ್ಟಿದರು. ಹಾಡಿನಲ್ಲಿ ದೇಮಿ ಹೊತ್ತು ಮೂಡಿದಾಗಿನಿಂದ ಹೊತ್ತು ಮುಳುಗುವವರೆಗೆ ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಕೊನೆಗೆ ಊರಿಗಾಗಿ ಆ ಮಾತನ್ನು ಆಡಿ ಮೂರ್ಛೆ ಹೋಗುತ್ತಾಳೆ. ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟು ಹೊತ್ತೂ ಆಗಲಿಲ್ಲವೆಂದು ಆ ದಿನ ಬಯಲಿನಲ್ಲಿದ್ದವರಿಗೆಲ್ಲ ಗೊತ್ತು. ಅವರೇ ಮುಂದೆ ನಿಂತು ಹಾಡುತ್ತಿದ್ದರು. ಹಾಡಿನ ನಡುವೆ ದೇಮಿ ಎದ್ದು ಒಳಗೆ ಹೋದರೆ, 'ಪಾಪ, ತಂಗಿಯ ನೆನಪು' ಎನ್ನುತ್ತಿದ್ದರು. ಎದುರಿಗೆ ಹೀಗೆ. ಬೆನ್ನ ಹಿಂದೆ, ಅವಳು ದಾರಿಯಲ್ಲಿ ಬಂದರೆ ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ಒಡಹುಟ್ಟಿದವಳಿಗೇ ಹೋಗು ಎಂದ ಬಾಯಿ ಅದು. ಸಾತಜ್ಜಿ ತೀರಿಕೊಂಡ ಮೇಲೆ ಹಿಂಬಾಗಿಲಿನ ಜನ ದೇಮಿಯ ಹಿಂಬಾಗಿಲಿಗೆ ಬರತೊಡಗಿದರು.

ಒಂದು ಸುಗ್ಗಿಯಲ್ಲಿ ಆಚೆ ನಾಡಿನ ಬಳೆಗಾರನ ಕೈಯಲ್ಲಿ ಸುರಗಿ ಹೇಳಿ ಕಳಿಸಿದಳು, ಗಡಿಕಲ್ಲಿನ ಹತ್ತಿರ ಬರುತ್ತೇನೆ ಎಂದು. ದೇಮಿ ಹೋದಳು. ಕಲ್ಲಿನ ಈಚೆ ಇವಳು ಕೂತಳು, ಆಚೆ ಅವಳು ಕೂತಳು. ಸುರಗಿಯ ಮೈ ತುಂಬಿಕೊಂಡಿತ್ತು, ಕೈ ತುಂಬ ಬಳೆ, ಮಡಿಲಲ್ಲಿ ಒಂದು ಹೆಣ್ಣು ಕೂಸು. ಕಲ್ಲು ದಾಟಿ ಕೈ ಚಾಚಲು ನೋಡಿದಳು, ಕೈ ತಾನಾಗಿ ಹಿಂದಕ್ಕೆ ತಿರುಗಿತು. ಗಂಡ ಒಳ್ಳೆಯವನು ಎಂದಳು, ದೋಣಿ ನಡೆಸುತ್ತಾನೆ ಎಂದಳು. ಈಗ ಮಳೆಗೂ ಕೆಮ್ಮು ಬರುವುದಿಲ್ಲ ಎಂದಳು. ಮಾತೆಲ್ಲ ಮುಗಿಯಿತು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ ಅಕ್ಕ" ಎಂದಳು. "ಅವತ್ತು ಏನು ಸಿಕ್ಕಿತು ನಿಂಗೆ, ಅಷ್ಟು ಬೇಗ? ನಾನು ಆವಾಗಿಂದ ಯೋಚನೆ ಮಾಡ್ತಾನೇ ಇದ್ದೀನಿ. ಏನೋ ದೊಡ್ಡ ತಪ್ಪೇ ಮಾಡಿರಬೇಕು ನಾನು. ಏನು ಅಂತ ಗೊತ್ತಾಗಲಿಲ್ಲ."

ದೇಮಿ ಸುಳ್ಳು ಹೇಳಬಹುದಿತ್ತು. ಊರಿಗೆ ಊರೇ ಅವಳಿಗೊಂದು ಸುಳ್ಳು ಹೊಲಿದು ಕೊಟ್ಟಿತ್ತು, ತೊಟ್ಟುಕೊಂಡರೆ ಸಾಕಿತ್ತು. ಆದರೆ ತಂಗಿಯ ಮುಖ ನೋಡಿ ಅವಳಿಗೆ ಆಗಲಿಲ್ಲ.

"ಚಪ್ಪಲಿ" ಎಂದಳು.

ಸುರಗಿಗೆ ಮೊದಲು ತಿಳಿಯಲಿಲ್ಲ. ಯಾವ ಚಪ್ಪಲಿ ಎಂದು ನೆನಪು ಮಾಡಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಕೂಸು ಅವಳ ಬಳೆ ಎಳೆಯುತ್ತಿತ್ತು. ನೆನಪಾದಾಗ ಅವಳು ಅಕ್ಕನನ್ನು ಬಯ್ಯಲಿಲ್ಲ, ಅಳಲಿಲ್ಲ. ತನ್ನ ಬರಿಯ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು.

"ಅನ್ನಬೇಕಿತ್ತಲ್ಲ ಅಕ್ಕ. ಬಿಚ್ಚಿ ಕೊಡ್ತಿದ್ದೆ."

ಏಳುಬಾವಿಯ ಜನರೆಲ್ಲ ಸುಖವಾಗಿ ಬಾಳಿದರು. ಸುರಗಿ ಆಚೆ ನಾಡಿನಲ್ಲಿ ಮಕ್ಕಳು ಮೊಮ್ಮಕ್ಕಳೊಂದಿಗೆ ಸುಖವಾಗಿ ಬಾಳಿದಳು. ದೇಮಿಯೂ ಬಹಳ ವರ್ಷ ಬಾಳಿದಳು.